ಎಲೆಕ್ಟ್ರಾನ್ ಸಂಘಾತ ಅಯಾನೀಕರಣ

ಎಲೆಕ್ಟ್ರಾನ್ ಸಂಘಾತ ಅಯಾನೀಕರಣವು ವೇಗವಾಗಿ ಚಲಿಸುವ ಎಲೆಕ್ಟ್ರಾನೊಂದು ಪರಮಾಣುವಿಗೆ ಅಥವಾ ಅಯಾನಿಗೆ ಡಿಕ್ಕಿ ಹೊಡೆದು, ಅದರಲ್ಲಿರುವ ಒಂದು ಅಥವಾ ಹೆಚ್ಚು ಎಲೆಕ್ಟ್ರಾನುಗಳನ್ನು ಹೊರದೂಡುವ ಪ್ರಕ್ರಿಯೆಯಾಗಿದೆ. ಸೂರ್ಯನ ಪ್ರಭಾವಲಯ (ಕರೋನಾ), ಸಮ್ಮಿಳನ ಸಂಶೋಧನೆಯ ಟೋಕಮಾಕ್ ಮೊದಲಾದ ಅತ್ಯುಷ್ಣ ಪ್ಲಾಸ್ಮಾಗಳಲ್ಲಿ ಬಹು ಆವೇಶದ ಅಯಾನುಗಳು ಮುಖ್ಯವಾಗಿ ಈ ಬಗೆಯಲ್ಲಿಯೇ ಉಂಟಾಗುತ್ತವೆ.

ಪ್ರಕ್ರಿಯೆ

ಡಿಕ್ಕಿ ಹೊಡೆಯುವ ಎಲೆಕ್ಟ್ರಾನಿನ ಶಕ್ತಿಯು ಅಯಾನೀಕರಣ ಶಕ್ತಿಗಿಂತ ಹೆಚ್ಚಿರಬೇಕು. ಅಯಾನು ಎಲೆಕ್ಟ್ರಾನುಗಳನ್ನು ಕಳೆದುಕೊಂಡಂತೆಲ್ಲ ಉಳಿದವುಗಳ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತ ಬಿಗಿಯಾಗುತ್ತದೆ. ಕಬ್ಬಿಣದ ಪರಮಾಣುವಿನಿಂದ ಮೊದಲ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 7.9 ಎಲೆಕ್ಟ್ರಾನ್‌ವೋಲ್ಟ್ ಸಾಕು. 13ನೆಯದಕ್ಕೆ ಸುಮಾರು 361 ಎಲೆಕ್ಟ್ರಾನ್‌ವೋಲ್ಟ್ ಬೇಕು. 20 ಲಕ್ಷ ಕೆಲ್ವಿನ್ ಉಷ್ಣತೆಯಲ್ಲಿ ಎಲೆಕ್ಟ್ರಾನುಗಳ ಸರಾಸರಿ ಶಕ್ತಿ ಸುಮಾರು 260 ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಆದುದರಿಂದ ಸರಾಸರಿಗಿಂತ ಹೆಚ್ಚು ವೇಗವುಳ್ಳ ಎಲೆಕ್ಟ್ರಾನುಗಳೇ ಈ ಕೆಲಸವನ್ನು ನಡೆಸುತ್ತವೆ.

ಕೆಲವೊಮ್ಮೆ ಡಿಕ್ಕಿಯು ಒಳಕವಚದ ಎಲೆಕ್ಟ್ರಾನನ್ನು ಉದ್ರೇಕಿಸುತ್ತದೆ. ಬಳಿಕ ಅಯಾನು ತಾನಾಗಿಯೇ ಮತ್ತೊಂದು ಎಲೆಕ್ಟ್ರಾನನ್ನು ಹೊರಹಾಕುತ್ತದೆ. ಇದನ್ನು ಪರೋಕ್ಷ ಅಯಾನೀಕರಣವೆನ್ನುತ್ತಾರೆ.

ಅಯಾನು ಎಲೆಕ್ಟ್ರಾನನ್ನು ಮರಳಿ ಪಡೆಯುವ ಕ್ರಿಯೆಗೆ ಪುನಸ್ಸಂಯೋಜನೆ ಎಂದು ಹೆಸರು. ವಿರಳವಾದ ಪ್ರಭಾವಲಯದಲ್ಲಿ ಈ ಎರಡು ಕ್ರಿಯೆಗಳು ಸಮತೋಲದಲ್ಲಿದ್ದಾಗ, ಯಾವ ಅಯಾನು ಎಷ್ಟು ಪ್ರಮಾಣದಲ್ಲಿರುತ್ತದೆ ಎಂಬುದು ಬಹುಮಟ್ಟಿಗೆ ಉಷ್ಣತೆಯನ್ನೇ ಅವಲಂಬಿಸಿರುತ್ತದೆ. ಹೀಗಾಗಿ ಅಯಾನುಗಳ ಬೆಳಕಿನಿಂದ ಉಷ್ಣತೆಯನ್ನು ಅಳೆಯಬಹುದು. ಅಯಾನೀಕರಣ ದರದ ಲೆಕ್ಕ ತಪ್ಪಿದರೆ ಉಷ್ಣತೆಯ ಲೆಕ್ಕವೂ ತಪ್ಪುತ್ತದೆ.

ಇತಿಹಾಸ

1869ರ ಸೂರ್ಯಗ್ರಹಣದಲ್ಲಿ ಪ್ರಭಾವಲಯದ ರೋಹಿತದಲ್ಲಿ ಒಂದು ಹಸಿರು ರೇಖೆ ಕಂಡುಬಂದಿತು. ಇದು ತಿಳಿದ ಯಾವ ಧಾತುವಿಗೂ ಹೊಂದದ್ದರಿಂದ 'ಕೊರೋನಿಯಂ' ಎಂಬ ಹೊಸ ಧಾತುವನ್ನು ಊಹಿಸಲಾಯಿತು. 1939–41ರ ಅವಧಿಯಲ್ಲಿ ವಾಲ್ಟರ್ ಗ್ರೋಟ್ರಿಯಾನ್ ಮತ್ತು ಬೆಂಗ್ಟ್ ಎಡ್ಲೆನ್ ಅವರ ಕಾರ್ಯದಿಂದ ಈ ಒಗಟು ಬಿಡಿಸಲ್ಪಟ್ಟಿತು. 530.3 ನ್ಯಾನೋಮೀಟರಿನ ಆ ರೇಖೆಯು 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು ತಿಳಿಯಿತು. ಸುಮಾರು 6,000 ಕೆಲ್ವಿನ್ ಉಷ್ಣತೆಯ ಸೂರ್ಯನ ಮೇಲ್ಮೈಗಿಂತ ಪ್ರಭಾವಲಯವು ನೂರಾರು ಪಟ್ಟು ಬಿಸಿಯಾಗಿದೆ ಎಂಬುದಕ್ಕೆ ಇದು ಪ್ರಬಲ ಆಧಾರವಾಯಿತು.

ಕೊಡಗು ಮತ್ತು ಕರ್ನಾಟಕ

1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣದ ನೆರಳು ಕಾಸರಗೋಡಿನ ಬೇಕಲದಿಂದ ದಕ್ಷಿಣ ಕೊಡಗು ಹಾಗೂ ವಯನಾಡಿನ ಪ್ರದೇಶದ ಮೂಲಕ ನೀಲಗಿರಿಯತ್ತ ಸಾಗಿತು. ಬ್ರಿಟಿಷ್ ವಿಜ್ಞಾನಿ ನಾರ್ಮನ್ ಲಾಕ್ಯರ್ ಬೇಕಲದಲ್ಲಿ ಬೀಡುಬಿಟ್ಟು ಪ್ರಭಾವಲಯವನ್ನು ವೀಕ್ಷಿಸಿದರು. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದ ಸುತ್ತಮುತ್ತ ಗೋಚರಿಸಿದ್ದು ಕಂಕಣ ಗ್ರಹಣ. ಸೂರ್ಯಬಿಂಬದ ಅಂಚು ಮುಚ್ಚದೆ ಉಳಿಯುವುದರಿಂದ ಅಂತಹ ಗ್ರಹಣದಲ್ಲಿ ಮಸುಕಾದ ಪ್ರಭಾವಲಯ ಬರಿಗಣ್ಣಿಗೆ ಕಾಣುವುದಿಲ್ಲ.

ಗ್ರಹಣಕ್ಕಾಗಿ ಕಾಯದೆ ಪ್ರಭಾವಲಯವನ್ನು ವೀಕ್ಷಿಸಲು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ತನ್ನ ಹೊಸಕೋಟೆ ಆವರಣದಲ್ಲಿ ವೆಲ್ಕ್ ಎಂಬ ಉಪಕರಣವನ್ನು ನಿರ್ಮಿಸಿತು. 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯೊಡನೆ ಉಡಾವಣೆಗೊಂಡ ಈ ಉಪಕರಣವನ್ನು ಅದೇ ಹಸಿರು ರೇಖೆಯನ್ನೂ, ಕಬ್ಬಿಣದ ಅಯಾನುಗಳ ಇತರ ಎರಡು ರೇಖೆಗಳನ್ನೂ ಅಳೆಯಲು ರೂಪಿಸಲಾಗಿದೆ.