ಮುಕ್ಕಾಲು ಗ್ರಾಂ ಎಣ್ಣೆ, ಒಂಬತ್ತು ವರ್ಷ ಸೆರೆ

2022ರ ಫೆಬ್ರವರಿ 17ರಂದು ಮಾಸ್ಕೋದ ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲಿ ಅಮೇರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಬ್ರಿಟ್ನಿ ಗ್ರೈನರ್ ಅವರ ಸಾಮಾನು ತಪಾಸಣೆಗೊಳಗಾಯಿತು. ಅದರಲ್ಲಿ ಇ-ಸಿಗರೇಟಿಗೆ ಹಾಕುವ ಎರಡು ಪುಟ್ಟ ಕೊಳವೆಗಳು ಸಿಕ್ಕಿದವು. ಕೊಳವೆಗಳಲ್ಲಿದ್ದದ್ದು ಗಾಂಜಾ ಗಿಡದಿಂದ ತೆಗೆದ ಹಶೀಶ್ ಎಣ್ಣೆ. ಎರಡರದ್ದೂ ಸೇರಿ ತೂಕ 0.702 ಗ್ರಾಂ, ಅಂದರೆ ನಾವು ಜ್ವರಕ್ಕೆ ನುಂಗುವ ಒಂದು ಮಾತ್ರೆಯಷ್ಟು. ಇದಾಗಿ ಸರಿಯಾಗಿ ಒಂದು ವಾರಕ್ಕೆ ರಶ್ಯ ಉಕ್ರೇನಿನ ಮೇಲೆ ದಾಳಿ ಮಾಡಿತು. ಆ ದಾಳಿ ನಡೆಯದೇ ಇರುತ್ತಿದ್ದರೆ ಈ ಪ್ರಕರಣ ದಂಡ, ಗಡಿಪಾರು ಎಂದು ಎಲ್ಲೋ ಮುಗಿದು ಹೋಗುತ್ತಿತ್ತೇನೋ. ಆದರೆ ಹತ್ತು ತಿಂಗಳ ಕಾಲ ಅದು ಎರಡು ಅಣ್ವಸ್ತ್ರ ರಾಷ್ಟ್ರಗಳ ನಡುವಿನ ಚೌಕಾಶಿಯಾಗಿ, ಅಮೇರಿಕದೊಳಗೆ ಒಂದು ರಾಜಕೀಯ ಜಗಳವಾಗಿ ಬೆಳೆಯಿತು.

ಗ್ರೈನರ್ ಸಾಮಾನ್ಯ ಆಟಗಾರ್ತಿಯಲ್ಲ. ಆರು ಅಡಿ ಒಂಬತ್ತು ಅಂಗುಲ ಎತ್ತರದ ಅವರು 2016ರ ರಿಯೋ ಮತ್ತು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಅಂತಹವರು ಚಳಿಗಾಲದಲ್ಲಿ ಉರಾಲ್ ಪರ್ವತದ ಬಳಿಯ ಯೆಕಾತೆರಿನ್‌ಬುರ್ಗ್ ನಗರಕ್ಕೆ ಹೋಗಿ ಆಡಬೇಕಾದ ಅಗತ್ಯವಾದರೂ ಏನಿತ್ತು? ಉತ್ತರ ಸರಳ: ಸಂಬಳ. ಆ ವರ್ಷ ಅಮೇರಿಕದ ಮಹಿಳಾ ಲೀಗಿನಲ್ಲಿ ಒಬ್ಬ ಆಟಗಾರ್ತಿಗೆ ಕೊಡಬಹುದಾಗಿದ್ದ ಗರಿಷ್ಠ ಸಂಬಳ ಸುಮಾರು 2 ಲಕ್ಷ 28 ಸಾವಿರ ಡಾಲರ್. ಅಲ್ಲಿನ ಪುರುಷರ ಲೀಗಿನ ದೊಡ್ಡ ತಾರೆಗಳು ವರ್ಷಕ್ಕೆ 4 ಕೋಟಿ ಡಾಲರಿಗೂ ಮಿಕ್ಕಿ ಪಡೆಯುತ್ತಿದ್ದರು. ತಾಮ್ರದ ಗಣಿ ಕಂಪೆನಿಯೊಂದರ ಹಣದಿಂದ ನಡೆಯುತ್ತಿದ್ದ ಯೆಕಾತೆರಿನ್‌ಬುರ್ಗ್ ಕ್ಲಬ್ಬು ಮಹಿಳೆಯರಿಗೆ ಹತ್ತು ಲಕ್ಷ ಡಾಲರಿನ ಲೆಕ್ಕದಲ್ಲಿ ಮಾತನಾಡುತ್ತಿತ್ತು. ಇದೇ ಕ್ಲಬ್ಬಿನ ಡಯಾನಾ ಟೊರಾಸಿ ಎಂಬ ಖ್ಯಾತ ಅಮೇರಿಕನ್ ಆಟಗಾರ್ತಿ 2015ರಲ್ಲಿ ಸ್ವದೇಶದ ಇಡೀ ಒಂದು ಋತುವನ್ನೇ ಬಿಟ್ಟು ವಿಶ್ರಾಂತಿ ಪಡೆದರು. ತಾಯ್ನಾಡಿನಲ್ಲಿ ಆಡಿದರೆ ಸಿಗುವುದಕ್ಕಿಂತ ಹೆಚ್ಚು ಹಣವನ್ನು ರಶ್ಯದ ಕ್ಲಬ್ಬು ಆಡದೇ ಇರಲಿಕ್ಕಾಗಿ ಕೊಟ್ಟಿತ್ತು! ಮಗನನ್ನು, ಅಣ್ಣನನ್ನು ದಮ್ಮಾಮಿಗೋ ದುಬೈಗೋ ಕಳಿಸಿದ ನಮ್ಮ ಕರಾವಳಿಯ ಮನೆಗಳಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಂಧನದ ಸುದ್ದಿ ಹೊರಜಗತ್ತಿಗೆ ತಿಳಿದದ್ದು ಮಾರ್ಚ್ 5ರಂದು. ಆ ಮೇಲೂ ಹಲವು ವಾರ ಕುಟುಂಬ, ತಂಡ, ಲೀಗು ಹೆಚ್ಚು ಮಾತನಾಡಲಿಲ್ಲ. ಗದ್ದಲ ಮಾಡಿದಷ್ಟೂ ಕೈದಿಯ ಬೆಲೆ ಏರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಮೇ ತಿಂಗಳ ಆರಂಭದಲ್ಲಿ ಅಮೇರಿಕದ ವಿದೇಶಾಂಗ ಇಲಾಖೆ ಗ್ರೈನರ್ ಅವರನ್ನು ‘ಅನ್ಯಾಯವಾಗಿ ಬಂಧಿತರಾದವರು’ ಎಂದು ಘೋಷಿಸಿತು. ಇದು ಬರೀ ಖಂಡನೆಯ ಮಾತಲ್ಲ. 2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಲೆವಿನ್ಸನ್ ಕಾಯಿದೆಯ ಪ್ರಕಾರ ಹೀಗೆ ಘೋಷಿತವಾದ ಪ್ರಕರಣ ದೂತಾವಾಸದ ಗುಮಾಸ್ತರ ಮೇಜಿನಿಂದ ಎದ್ದು ಒತ್ತೆಯಾಳುಗಳ ವಿಶೇಷ ರಾಯಭಾರಿಯ ಕೈಗೆ ಹೋಗುತ್ತದೆ. ನ್ಯಾಯಾಲಯದ ತೀರ್ಪಿಗೆ ಕಾಯದೆ ಸರಕಾರ ಮಾತುಕತೆಗಿಳಿಯಬಹುದು. ಅಂದಿನಿಂದ ಮೌನದ ತಂತ್ರ ಮುಗಿದು ಕೂಗಿನ ತಂತ್ರ ಶುರುವಾಯಿತು. ಜುಲೈಯಲ್ಲಿ ಶಿಕಾಗೋದಲ್ಲಿ ನಡೆದ ಲೀಗಿನ ತಾರಾ ಪಂದ್ಯದ ಉತ್ತರಾರ್ಧದಲ್ಲಿ ಎರಡೂ ತಂಡಗಳ ಎಲ್ಲ ಆಟಗಾರ್ತಿಯರು ಗ್ರೈನರ್ ಹೆಸರಿನ 42ನೇ ನಂಬರಿನ ಅಂಗಿ ತೊಟ್ಟು ಆಡಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗ್ರೈನರ್ ರಶ್ಯದ ಕಾನೂನನ್ನು ಉಲ್ಲಂಘಿಸಿದ್ದು ನಿಜ. ಮಾಸ್ಕೋ ಹೊರವಲಯದ ಖಿಮ್ಕಿ ನ್ಯಾಯಾಲಯದಲ್ಲಿ ಜುಲೈ 7ರಂದು ಅವರೇ ಅದನ್ನು ಒಪ್ಪಿಕೊಂಡರು. ನೋವಿಗಾಗಿ ಅರಿಝೋನಾದ ವೈದ್ಯರ ಅನುಮತಿಯಿಂದ ಬಳಸುತ್ತಿದ್ದದ್ದು, ಅವಸರದಲ್ಲಿ ಸಾಮಾನು ಕಟ್ಟುವಾಗ ಉಳಿದುಹೋಯಿತು, ಕಾನೂನು ಮುರಿಯುವ ಉದ್ದೇಶ ಇರಲಿಲ್ಲ ಎಂಬುದು ಅವರ ವಾದ. ವಿಮಾನ ನಿಲ್ದಾಣದಲ್ಲಿ ತನಗೆ ಕೊಟ್ಟ ದುಭಾಷಿ ಅರ್ಧಂಬರ್ಧ ಮಾತ್ರ ಅನುವಾದಿಸಿದ್ದ, ಅರ್ಥವಾಗದ ಕಾಗದಗಳಿಗೆ ಸಹಿ ಹಾಕಿಸಿಕೊಂಡರು ಎಂದೂ ಅವರು ಹೇಳಿದರು. ವೈದ್ಯರ ಚೀಟಿಗೆ ರಶ್ಯದಲ್ಲಿ ಬೆಲೆಯಿಲ್ಲ. ಔಷಧದ ಹೆಸರಿನಲ್ಲೂ ಗಾಂಜಾ ಅಲ್ಲಿ ನಿಷಿದ್ಧ. ಒಂದು ದೇಶದ ಔಷಧ ಇನ್ನೊಂದು ದೇಶದ ಅಪರಾಧವಾಗುವುದು ಹೊಸತೇನೂ ಅಲ್ಲ. ನಮ್ಮ ಪಾಯಸಕ್ಕೆ ಹಾಕುವ ಗಸಗಸೆಯನ್ನು ಯುಎಇಗೆ ಒಯ್ಯಬಾರದು ಎಂದು ಊರಿನ ತಾಯಂದಿರಿಗೂ ಗೊತ್ತು.

ಆದರೆ ಶಿಕ್ಷೆ? ಪ್ರಾಸಿಕ್ಯೂಷನ್ ಒಂಬತ್ತೂವರೆ ವರ್ಷ ಕೇಳಿತು; ಆಗಸ್ಟ್ 4ರಂದು ನ್ಯಾಯಾಲಯ ಒಂಬತ್ತು ವರ್ಷ ಸೆರೆವಾಸ ಮತ್ತು ಹತ್ತು ಲಕ್ಷ ರೂಬಲ್ ದಂಡ ವಿಧಿಸಿತು. ಕಠಿಣವೆಂದೇ ಹೆಸರಾದ ನಮ್ಮ 1985ರ ಮಾದಕ ದ್ರವ್ಯ ಕಾಯಿದೆಯಲ್ಲಿ ಚರಸ್ 100 ಗ್ರಾಂವರೆಗೆ ‘ಅಲ್ಪ ಪ್ರಮಾಣ’. ಅದಕ್ಕೆ ಗರಿಷ್ಠ ಒಂದು ವರ್ಷ ಸೆರೆ. ಮುಕ್ಕಾಲು ಗ್ರಾಂಗೂ ಸಾಲದ ಎಣ್ಣೆಗೆ ಒಂಬತ್ತು ವರ್ಷ ಎಂಬುದನ್ನು ಬರೀ ಕಾನೂನು ಪಾಲನೆ ಎಂದು ನಂಬುವುದು ಕಷ್ಟ. ಅಪರಾಧವೂ ನಿಜ, ಆಕೆ ಒತ್ತೆಯಾಳಾದದ್ದೂ ನಿಜ. ಅಮೇರಿಕದಲ್ಲಿ ಜಗಳವಾಡಿದ ಎರಡೂ ಪಕ್ಷಗಳು ಇದರಲ್ಲಿ ಒಂದೊಂದು ಅರ್ಧವನ್ನು ಮಾತ್ರ ಹಿಡಿದುಕೊಂಡವು.

ಇದಕ್ಕೊಂದು ಪೂರ್ವನಿದರ್ಶನವೂ ಇತ್ತು. 2019ರ ಏಪ್ರಿಲಿನಲ್ಲಿ ದೆಹಲಿಯಿಂದ ಟೆಲ್ ಅವೀವ್‌ಗೆ ಹೋಗುತ್ತಿದ್ದ ಇಸ್ರೇಲಿ-ಅಮೇರಿಕನ್ ಯುವತಿಯೊಬ್ಬಳು ಇದೇ ಶೆರೆಮೆತ್ಯೆವೊದಲ್ಲಿ ವಿಮಾನ ಬದಲಿಸುವಾಗ ಸಿಕ್ಕಿಬಿದ್ದಳು. ಬ್ಯಾಗಿನಲ್ಲಿದ್ದದ್ದು ಒಂಬತ್ತೂವರೆ ಗ್ರಾಂ ಚರಸ್. ಏಳೂವರೆ ವರ್ಷ ಶಿಕ್ಷೆಯಾಯಿತು. ನೆತನ್ಯಾಹು ಸ್ವತಃ ಮುತುವರ್ಜಿ ವಹಿಸಿದರು. 2020ರ ಜನವರಿಯಲ್ಲಿ ಪುತಿನ್ ಕ್ಷಮಾದಾನ ನೀಡಿದರು. ತನ್ನ ವಿಮಾನದಲ್ಲೇ ಆಕೆಯನ್ನು ಮನೆಗೆ ಕರೆತಂದ ಇಸ್ರೇಲಿ ಪ್ರಧಾನಿಗೆ ಚುನಾವಣೆಯ ಹೊಸ್ತಿಲಲ್ಲಿ ಒಳ್ಳೆಯ ಛಾಯಾಚಿತ್ರವೊಂದು ಸಿಕ್ಕಿತು. ಶಿಕ್ಷೆಯ ಉದ್ದ ಎಷ್ಟೆಂಬುದು ಗ್ರಾಂಗಳಿಗಿಂತ ಹೆಚ್ಚಾಗಿ ಪಾಸ್‌ಪೋರ್ಟನ್ನೂ ಕಾಲವನ್ನೂ ಅವಲಂಬಿಸಿರುತ್ತದೆಂದು ಆಗಲೇ ತಿಳಿದಿತ್ತು.

ಅಮೇರಿಕದೊಳಗಿನ ವಾದ ಎಣ್ಣೆಯ ಬಗ್ಗೆಯಂತೂ ಆಗಿರಲಿಲ್ಲ. ಗ್ರೈನರ್ ಕರಿಯ ಮಹಿಳೆ, ಮಹಿಳೆಯನ್ನೇ ವಿವಾಹವಾದವರು, ಅದಕ್ಕಿಂತ ಮುಖ್ಯವಾಗಿ, 2020ರಲ್ಲಿ ಕರಿಯರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಪ್ರತಿಭಟನೆಗಳು ಭುಗಿಲೆದ್ದಿದ್ದಾಗ ಪಂದ್ಯಗಳಲ್ಲಿ ರಾಷ್ಟ್ರಗೀತೆ ನುಡಿಸಬಾರದು ಎಂದವರು. ಬಲಪಂಥೀಯ ಟೀಕಾಕಾರರು ಅದನ್ನು ಮರೆತಿರಲಿಲ್ಲ. ದೇಶದ ಗೀತೆಗೆ ನಿಲ್ಲದವರನ್ನು ದೇಶ ಏಕೆ ಬಿಡಿಸಿ ತರಬೇಕು ಎಂದರು. ಆಗ ಅಧಿಕಾರದಲ್ಲಿರದ ಡೊನಾಲ್ಡ್ ಟ್ರಂಪ್, ಆಕೆ ಮಾದಕ ವಸ್ತು ತುಂಬಿಕೊಂಡೇ ಹೋಗಿದ್ದಳು ಎಂಬರ್ಥದಲ್ಲಿ ಮಾತನಾಡಿ, ವಿನಿಮಯದ ಪ್ರಸ್ತಾಪವನ್ನು ಗೇಲಿ ಮಾಡಿದರು. ನಾಗರಿಕನ ರಕ್ಷಣೆ ಅವನ ದೇಶಭಕ್ತಿಯ ಪ್ರಮಾಣಪತ್ರ ನೋಡಿ ಕೊಡುವ ಪಡಿತರವೇ? ಈ ಪ್ರಶ್ನೆ ಅಮೇರಿಕಕ್ಕೆ ಮಾತ್ರ ಸೀಮಿತವಾದುದಲ್ಲ. ಇನ್ನೊಂದು ಕಡೆ, ಆಕೆಯ ತಂಡದ ತರಬೇತುದಾರರಿಂದ ಹಿಡಿದು ಅಭಿಮಾನಿಗಳವರೆಗೆ, ಪುರುಷ ತಾರೆಯಾಗಿದ್ದರೆ ಇಷ್ಟು ತಡವಾಗುತ್ತಿತ್ತೇ ಎಂದು ಕೇಳಿದರು. ಅವರು ಕೇಳಿದ್ದರಲ್ಲೂ ಸತ್ಯವಿತ್ತು. ಆದರೆ ಪುರುಷ ತಾರೆ ಆ ಸಂಬಳಕ್ಕಾಗಿ ಯೆಕಾತೆರಿನ್‌ಬುರ್ಗ್‌ಗೆ ಹೋಗುತ್ತಲೇ ಇರಲಿಲ್ಲ.

ಇದೆಲ್ಲದರ ನಡುವೆ ಹೆಚ್ಚು ಗಮನಕ್ಕೆ ಬಾರದ ಸಂಗತಿಯೊಂದಿದೆ. ಖಿಮ್ಕಿಯಲ್ಲಿ ವಿಚಾರಣೆ ಆರಂಭವಾಗುವ ಎರಡು ವಾರ ಮುಂಚೆ, 2022ರ ಜೂನಿನಲ್ಲಿ, ಅಮೇರಿಕದ ಮಿಸಿಸಿಪ್ಪಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸುಮಾರು 43 ಗ್ರಾಂ ಗಾಂಜಾ ಇಟ್ಟುಕೊಂಡಿದ್ದ ವ್ಯಕ್ತಿಯೊಬ್ಬನ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಪೆರೋಲ್ ಕೂಡಾ ಇಲ್ಲ. ಹಿಂದಿನ ಅಪರಾಧಗಳಿದ್ದವೆಂಬುದು ಕಾರಣ. ರಶ್ಯದ ಒಂಬತ್ತು ವರ್ಷ ಅನ್ಯಾಯವಾದರೆ ಇದು ಏನು ಎಂದು ಸೆರೆಮನೆ ಸುಧಾರಣೆಯ ಪರವಾಗಿರುವವರು ಕೇಳದಿರಲಿಲ್ಲ. ಅಕ್ಟೋಬರ್ 6ರಂದು ಅಧ್ಯಕ್ಷ ಬೈಡನ್ ಗಾಂಜಾ ಇಟ್ಟುಕೊಂಡ ಸರಳ ಪ್ರಕರಣಗಳಲ್ಲಿ ಫೆಡರಲ್ ಕಾನೂನಿನಡಿ ಶಿಕ್ಷೆಗೊಳಗಾಗಿದ್ದ ಆರೂವರೆ ಸಾವಿರಕ್ಕೂ ಹೆಚ್ಚು ಮಂದಿಗೆ ಕ್ಷಮಾದಾನ ನೀಡಿದರು. ಅವರಲ್ಲಿ ಆ ಹೊತ್ತಿಗೆ ಫೆಡರಲ್ ಜೈಲಿನೊಳಗಿದ್ದವರು ಯಾರೂ ಇರಲಿಲ್ಲ. ರಾಜ್ಯಗಳ ಜೈಲಿನಲ್ಲಿದ್ದವರು ಅದರ ವ್ಯಾಪ್ತಿಗೆ ಬರಲಿಲ್ಲ.

ಕೈದಿಗಳ ವಿನಿಮಯಕ್ಕೆ ಹಳೆಯ ಇತಿಹಾಸವಿದೆ. 1962ರ ಫೆಬ್ರವರಿ 10ರಂದು ಬರ್ಲಿನ್ ಅಂಚಿನ ಗ್ಲೀನಿಕೆ ಸೇತುವೆಯ ಮೇಲೆ ಸೋವಿಯತ್ ಗೂಢಚಾರ ರುಡಾಲ್ಫ್ ಅಬೆಲ್ ಮತ್ತು ಅಮೇರಿಕದ ಬೇಹು ವಿಮಾನದ ಪೈಲಟ್ ಗ್ಯಾರಿ ಪವರ್ಸ್ ಅದಲು ಬದಲಾದರು. ಅಲ್ಲಿ ತಕ್ಕಡಿ ಸಮವಾಗಿತ್ತು: ಬೇಹಿಗೆ ಬೇಹು. 2022ರಲ್ಲಿ ರಶ್ಯ ಕೇಳಿದ್ದು ವಿಕ್ಟರ್ ಬೌಟ್‌ನನ್ನು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹಳೆಯ ಸರಕು ವಿಮಾನಗಳನ್ನು ಹಿಡಿದು ಆಫ್ರಿಕಾದ ಯುದ್ಧಭೂಮಿಗಳಿಗೆ ಆಯುಧ ಸಾಗಿಸಿ ‘ಸಾವಿನ ವ್ಯಾಪಾರಿ’ ಎನಿಸಿಕೊಂಡವನು. ಸ್ವಾರಸ್ಯವೆಂದರೆ, 2008ರಲ್ಲಿ ಬ್ಯಾಂಕಾಕಿನಲ್ಲಿ ಅವನಿಗೆ ಬಲೆ ಬೀಸಿದ್ದು ಅಮೇರಿಕದ ಮಾದಕ ದ್ರವ್ಯ ನಿಗ್ರಹ ದಳ; ಅದರ ಪರವಾಗಿ ಕೊಲಂಬಿಯಾದ ಬಂಡುಕೋರರಂತೆ ವೇಷ ಹಾಕಿದವರು ಆಯುಧ ಕೇಳಿದ್ದರು. 2012ರಲ್ಲಿ ಅವನಿಗೆ 25 ವರ್ಷ ಶಿಕ್ಷೆಯಾಯಿತು. ಪರದೇಶದಲ್ಲಿ ಮೋಸದಿಂದ ಹಿಡಿದು ಎಳೆದೊಯ್ದರು ಎಂಬುದು ಮಾಸ್ಕೋದ ದೂರು. ಅದೇ 2022ರ ಏಪ್ರಿಲಿನಲ್ಲಿ ಟ್ರೆವರ್ ರೀಡ್ ಎಂಬ ಅಮೇರಿಕನ್ ಕೈದಿಗೆ ಬದಲಾಗಿ ಬಿಡುಗಡೆಯಾದ ಪೈಲಟ್ ಯಾರೊಶೆಂಕೊ ಕೂಡಾ ಲೈಬೀರಿಯಾದಲ್ಲಿ ಇದೇ ದಳ ಹಿಡಿದು ಅಮೇರಿಕಕ್ಕೆ ಸಾಗಿಸಿದವನು, ಕೊಕೇನ್ ಸಾಗಾಟದ ಸಂಚಿನ ಆರೋಪದಲ್ಲಿ. ಪರದೇಶದಲ್ಲಿ ಮಾದಕ ದ್ರವ್ಯ ಪ್ರಕರಣದಲ್ಲಿ ಸಿಕ್ಕಿಬಿದ್ದ ‘ನಮ್ಮವ’ನಿಗಾಗಿ ಮರುಗುವ ಮಾತು ಎರಡು ಕಡೆಯೂ ಒಂದೇ ತೆರನಾಗಿತ್ತು.

ಅಕ್ಟೋಬರ್ 25ರಂದು ಮೇಲ್ಮನವಿ ತಿರಸ್ಕೃತವಾಗಿ ಗ್ರೈನರ್ ಮೊರ್ದೊವಿಯಾದ ಯಾವಸ್ ಊರಿನ ಮಹಿಳಾ ಕಾರಾಗೃಹ ಶಿಬಿರಕ್ಕೆ ಹೋದರು. ಅಲ್ಲಿ ಕೈದಿಗಳಿಗೆ ಸಮವಸ್ತ್ರ ಹೊಲಿಯುವ ಕೆಲಸ. ತೊಳೆದ ಉದ್ದ ಜಡೆಗಳು ಚಳಿಗೆ ಒಣಗದೆ ಹೆಪ್ಪುಗಟ್ಟುತ್ತಿದ್ದುದರಿಂದ ಕೂದಲನ್ನೇ ಕತ್ತರಿಸಿಕೊಂಡರು. ಡಿಸೆಂಬರ್ 8ರಂದು ಅಬುಧಾಬಿಯ ವಿಮಾನ ನಿಲ್ದಾಣದಲ್ಲಿ ಗ್ರೈನರ್ ಒಂದು ಕಡೆಯಿಂದ, ಬೌಟ್ ಇನ್ನೊಂದು ಕಡೆಯಿಂದ ನಡೆದು ಬಂದರು. ಯುಎಇ ಅಧ್ಯಕ್ಷರೂ ಸೌದಿ ಯುವರಾಜರೂ ಮಧ್ಯಸ್ಥಿಕೆ ವಹಿಸಿದ್ದರೆಂದು ಆ ಎರಡು ದೇಶಗಳು ಹೇಳಿಕೆ ಕೊಟ್ಟವು. ಮಧ್ಯಸ್ಥಿಕೆ ಏನೂ ಇರಲಿಲ್ಲ, ಜಾಗ ಕೊಟ್ಟದ್ದಕ್ಕೆ ಧನ್ಯವಾದ ಎಂದಿತು ಶ್ವೇತಭವನ.

ಆ ದಿನವೇ ಹೊಸ ಜಗಳ. ಬೇಹುಗಾರಿಕೆಯ ಆರೋಪದಲ್ಲಿ 2018ರಿಂದ ಬಂಧಿಯಾಗಿದ್ದ ಮಾಜಿ ಮರೀನ್ ಯೋಧ ಪೌಲ್ ವೀಲನ್ ಅದೇ ಮೊರ್ದೊವಿಯಾದ ಇನ್ನೊಂದು ಶಿಬಿರದಲ್ಲಿ ಉಳಿದಿದ್ದರು. ಯೋಧನನ್ನು ಬಿಟ್ಟು ಆಟಗಾರ್ತಿಯನ್ನು ತಂದರು ಎಂದು ರಿಪಬ್ಲಿಕನ್ನರು ಕೂಗಿದರು. ಇದು ಪುತಿನ್‌ಗೆ ಕೊಟ್ಟ ಉಡುಗೊರೆ ಎಂದರು ಅವರ ನಾಯಕ ಕೆವಿನ್ ಮೆಕಾರ್ತಿ. ವೀಲನ್‌ಗೆ ಬದಲಾಗಿ ಬೌಟ್‌ನನ್ನು ಕೊಡುವ ಪ್ರಸ್ತಾಪ ತನ್ನ ಕಾಲದಲ್ಲೇ ಬಂದಿತ್ತು, ತಾನೇ ನಿರಾಕರಿಸಿದೆ ಎಂದು ಟ್ರಂಪ್ ಬರೆದದ್ದು ಆ ಕೂಗಿನ ನಡುವೆಯೇ. ಆಶ್ಚರ್ಯವೆಂದರೆ ಇಡೀ ಗದ್ದಲದಲ್ಲಿ ಅತ್ಯಂತ ಘನತೆಯ ಮಾತು ಬಂದದ್ದು ನೋವುಂಡ ಮನೆಯಿಂದಲೇ: ಬರಬಹುದಾದವರನ್ನು ಕರೆತಂದದ್ದು ಸರಿಯಾದ ನಿರ್ಧಾರ ಎಂದು ವೀಲನ್ ಸಹೋದರ ಡೇವಿಡ್ ಹೇಳಿದರು. ವೀಲನ್ ಬಿಡುಗಡೆಯಾದದ್ದು 2024ರ ಆಗಸ್ಟ್ 1ರಂದು, ಅಂಕಾರಾದಲ್ಲಿ 24 ಕೈದಿಗಳ ದೊಡ್ಡ ವಿನಿಮಯದಲ್ಲಿ. ಬೌಟ್ ಅಷ್ಟರಲ್ಲಿ ಉಲ್ಯನೊವ್ಸ್ಕ್ ಪ್ರಾಂತ್ಯದ ಶಾಸನಸಭೆಗೆ ಆರಿಸಿ ಬಂದು ಒಂದು ವರ್ಷವಾಗುತ್ತಾ ಬಂದಿತ್ತು.

ಎಲ್ಲರೂ ಮರೆತ ಇನ್ನೊಬ್ಬನಿದ್ದ. ಮಾರ್ಕ್ ಫೋಗಲ್, ಮಾಸ್ಕೋದ ಆಂಗ್ಲೋ-ಅಮೇರಿಕನ್ ಶಾಲೆಯಲ್ಲಿ ರಾಯಭಾರಿಗಳ ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು. 2021ರ ಆಗಸ್ಟಿನಲ್ಲಿ, ಗ್ರೈನರ್‌ಗಿಂತ ಆರು ತಿಂಗಳು ಮುಂಚೆ, ಅದೇ ಶೆರೆಮೆತ್ಯೆವೊದಲ್ಲಿ ಬೆನ್ನುನೋವಿಗೆಂದು ತಂದಿದ್ದ ಸುಮಾರು 17 ಗ್ರಾಂ ಗಾಂಜಾ ಜೊತೆ ಸಿಕ್ಕಿಬಿದ್ದರು. ಶಿಕ್ಷೆ 14 ವರ್ಷ. ಅವರ ಹೆಸರಿನ ಅಂಗಿಯನ್ನು ಯಾರೂ ತೊಡಲಿಲ್ಲ, ಅವರಿಗೆ ‘ಅನ್ಯಾಯದ ಬಂಧನ’ದ ಮುದ್ರೆ ಬಿದ್ದದ್ದು ಮೂರು ವರ್ಷ ದಾಟಿದ ಮೇಲೆ, 2024ರ ಕೊನೆಗೆ. 2025ರ ಫೆಬ್ರವರಿ 11ರ ರಾತ್ರಿ ಅವರು ಅಮೇರಿಕದ ಬಾವುಟ ಹೊದ್ದು ಶ್ವೇತಭವನಕ್ಕೆ ಬಂದಾಗ ಸ್ವಾಗತಿಸಿದವರು ಮತ್ತೆ ಅಧ್ಯಕ್ಷರಾಗಿದ್ದ ಟ್ರಂಪ್. ಬದಲಿಗೆ ರಶ್ಯಕ್ಕೆ ಮರಳಿದವನು ಅಕ್ರಮ ಹಣ ವರ್ಗಾವಣೆಯ ಸಂಚಿನಲ್ಲಿ ತಪ್ಪೊಪ್ಪಿಕೊಂಡಿದ್ದ ಅಲೆಕ್ಸಾಂಡರ್ ವಿನ್ನಿಕ್. ಮಾದಕ ವಸ್ತು ಒಯ್ದವರಿಗಾಗಿ ಅಪರಾಧಿಯನ್ನು ಬಿಟ್ಟುಕೊಡುವುದೇ ಎಂಬ 2022ರ ಪ್ರಶ್ನೆಯನ್ನು ಟ್ರಂಪ್ ಈ ಬಾರಿ ಎತ್ತಲಿಲ್ಲ.

ಗ್ರೈನರ್ 2023ರ ಮೇ ತಿಂಗಳಲ್ಲಿ ಅಂಗಣಕ್ಕೆ ಮರಳಿದರು. ರಾಷ್ಟ್ರಗೀತೆಗೆ ಎದ್ದು ನಿಂತರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರನೆಯ ಚಿನ್ನ ಗೆದ್ದರು. ಒಲಿಂಪಿಕ್ಸ್ ಬಿಟ್ಟು ಬೇರಾವುದಕ್ಕೂ ಇನ್ನು ಪರದೇಶದಲ್ಲಿ ಆಡುವುದಿಲ್ಲ ಎಂಬುದು ಬಿಡುಗಡೆಯಾಗಿ ಬಂದ ಮೇಲೆ ಅವರು ಆಡಿದ ಮಾತು. 2025ರ ಜನವರಿಯಲ್ಲಿ ಮಯಾಮಿಯಲ್ಲಿ ಚಳಿಗಾಲದ ಹೊಸ ಮಹಿಳಾ ಲೀಗೊಂದು ಆರಂಭವಾಯಿತು, ಒಳ್ಳೆಯ ಸಂಬಳದೊಂದಿಗೆ. ಅದರ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದ ಬ್ರಿಯಾನಾ ಸ್ಟೀವರ್ಟ್ ಯೆಕಾತೆರಿನ್‌ಬುರ್ಗ್‌ನಲ್ಲಿ ಗ್ರೈನರ್ ಜೊತೆ ಆಡಿದವರು. ಮೊದಲ ಋತುವಿನಲ್ಲಿ ಗ್ರೈನರ್ ಕೂಡಾ ಅಲ್ಲಿ ಆಡಿದರು.