ಡೀಸೆಲ್, ಗ್ಯಾಸ್ ಸ್ಥಾವರ ಹಾಕಿದರೆ ಲೋಡ್ ಶೆಡ್ಡಿಂಗ್ ಮುಗಿಯುತ್ತದೆಯೇ? ತಣ್ಣೀರುಬಾವಿಯಲ್ಲಿ ಆಗಿದ್ದೇನು?

ಬೇಸಿಗೆಯಲ್ಲಿ ಕರೆಂಟ್ ಕೈಕೊಟ್ಟಾಗ ಕಳ್ಳಕವಟಗಿಯಿಂದ ಬೆಂಗಳೂರಿನವರೆಗೆ ಕೇಳಿಬರುವ ಮಾತು ಒಂದೇ: “ಒಂದು ಡೀಸೆಲ್ ಇಲ್ಲವೇ ಗ್ಯಾಸ್ ಸ್ಥಾವರ ಹಾಕಿದರೆ ಮುಗಿಯಿತಲ್ಲ, ಸರ್ಕಾರಕ್ಕೆ ಮನಸ್ಸಿಲ್ಲ.” ಇಂಥ ಮಾತು ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ?

ಕರ್ನಾಟಕ ಇದನ್ನು ಮಾಡಿ ನೋಡಿದೆಯೇ?

ಹೌದು. ಮಂಗಳೂರಿನ ತಣ್ಣೀರುಬಾವಿ ಎಂದರೆ ಗುರುಪುರ ನದಿ ಮತ್ತು ಅರಬ್ಬಿ ಸಮುದ್ರದ ನಡುವಿನ ಕಿರಿದಾದ ನೆಲ. ಅಲ್ಲಿ 2001ರಲ್ಲಿ ಜಿಎಂಆರ್ ಸಮೂಹದ 220 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಶುರುವಾಯಿತು. ಅದು ಇದ್ದದ್ದು ನೆಲದ ಮೇಲಲ್ಲ, ನದಿಯಲ್ಲಿ ತೇಲುವ ಬಾರ್ಜ್ ಮೇಲೆ. ಇಂಧನ ನಾಫ್ತಾ, ಅಂದರೆ ಕಚ್ಚಾ ತೈಲ ಸಂಸ್ಕರಿಸುವಾಗ ಸಿಗುವ ಹಗುರ ದ್ರವ.

220 ಮೆಗಾವ್ಯಾಟ್ ಸ್ಥಾವರ ಪೂರ್ತಿ ಓಡಿದರೆ ಗಂಟೆಗೆ 2.2 ಲಕ್ಷ ಯೂನಿಟ್. 5 ಎಚ್‌.ಪಿ. ಪಂಪ್‌ಸೆಟ್‌ಗೆ ಗಂಟೆಗೆ ಸುಮಾರು 4 ಯೂನಿಟ್ ಬೇಕು. ಅಂದರೆ 50 ಸಾವಿರ ಪಂಪ್‌ಸೆಟ್‌ಗೆ ಸಾಕಾಗುವಷ್ಟು ವಿದ್ಯುತ್.

ಹಾಗಾದರೆ ಅದು ಎಲ್ಲಿ ಹೋಯಿತು?

ರಾಜ್ಯದೊಂದಿಗಿನ ಖರೀದಿ ಒಪ್ಪಂದ 7 ವರ್ಷದ್ದು, 2008ರಲ್ಲಿ ಮುಗಿಯಿತು. ಕಚ್ಚಾ ತೈಲದ ಬೆಲೆ ಏರಿದಂತೆ ನಾಫ್ತಾ ಬೆಲೆಯೂ ಏರುತ್ತದೆ, ಅದರಿಂದ ಬರುವ ವಿದ್ಯುತ್ ದುಬಾರಿಯಾಗುತ್ತದೆ. 2010ರಲ್ಲಿ ಸ್ಥಾವರವನ್ನು ಆಂಧ್ರದ ಕಾಕಿನಾಡಕ್ಕೆ ಸಾಗಿಸಿ, ನೈಸರ್ಗಿಕ ಅನಿಲದಿಂದ ನಡೆಯುವಂತೆ ಬದಲಾಯಿಸಿದರು. ಆದರೆ ಕೃಷ್ಣಾ–ಗೋದಾವರಿ ಕಡಲ ಪ್ರದೇಶದ ಅನಿಲ ಉತ್ಪಾದನೆ ನಿರೀಕ್ಷೆಗಿಂತ ಬಹಳ ಕುಸಿಯಿತು. ಆಂಧ್ರದ ಇತರ ಹಲವು ಗ್ಯಾಸ್ ಸ್ಥಾವರಗಳಂತೆ ಇದೂ ಅನಿಲವಿಲ್ಲದೆ ನಿಂತಿತು. ಯಂತ್ರ ಚೆನ್ನಾಗಿಯೇ ಇತ್ತು, ಇಂಧನ ಇರಲಿಲ್ಲ.

ಡೀಸೆಲ್ ಲೆಕ್ಕ ನೀವೇ ಹಾಕಿ

ತಿಕೋಟಾ ಭಾಗದ ದ್ರಾಕ್ಷಿ ತೋಟದಲ್ಲಿ ಜನರೇಟರ್ ಓಡಿಸಿದವರಿಗೆ ಇದು ಗೊತ್ತು. ಸಣ್ಣ ಜನರೇಟರ್ 1 ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂ. ಎಂದು ಹಿಡಿದರೆ ಇಂಧನಕ್ಕೇ ಯೂನಿಟ್‌ಗೆ 30 ರೂ. ದೊಡ್ಡ ಎಂಜಿನ್‌ಗಳು ಇನ್ನೂ ಸ್ವಲ್ಪ ಹೆಚ್ಚು ಕೊಡುತ್ತವೆ, ಆದರೂ ಅಗ್ಗವಲ್ಲ. ಲಕ್ಷದ್ವೀಪದಂಥ ಕಡೆ ಡೀಸೆಲ್ ಬಳಸುವುದು ಅನಿವಾರ್ಯ. ದೇಶದ ಗ್ರಿಡ್‌ನ ತಂತಿ ಅಲ್ಲಿಗೆ ಇಲ್ಲ, ಡೀಸೆಲ್ ಹಡಗಿನಲ್ಲಿ ಹೋಗುತ್ತದೆ. ನಮಗೆ ಗ್ರಿಡ್ ಇದೆ.

ನಿಂತ ಸ್ಥಾವರಕ್ಕೂ ಹಣ ಕೊಡಬೇಕೇ?

ಅನೇಕ ಒಪ್ಪಂದಗಳಲ್ಲಿ ಕೊಡಬೇಕು. ವಿದ್ಯುತ್ ಖರೀದಿಗೆ ಸಾಮಾನ್ಯವಾಗಿ ಎರಡು ಬೆಲೆ: ಸ್ಥಾವರ ಸಿದ್ಧವಾಗಿದ್ದರೆ ಕೊಡುವ ಸ್ಥಿರ ವೆಚ್ಚ, ಉರಿಸಿದ ಇಂಧನಕ್ಕೆ ಕೊಡುವ ವೆಚ್ಚ. ಬಾಡಿಗೆ ಟ್ರ್ಯಾಕ್ಟರ್ ಹೊಲದ ಬದುವಿನಲ್ಲಿ ನಿಂತರೂ ದಿನದ ಬಾಡಿಗೆ ಕೊಟ್ಟಂತೆ. ಇಂಧನ ದುಬಾರಿಯಾದರೆ ಅದರ ಹೊರೆ ಹೆಸ್ಕಾಂ ಬಿಲ್‌ನ ಇಂಧನ ವೆಚ್ಚ ಹೊಂದಾಣಿಕೆ ಸಾಲಿನಲ್ಲಿ ಮನೆ, ಅಂಗಡಿಗಳಿಗೆ ಬರುತ್ತದೆ. 10 ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗೆ ರೈತರು ಬಿಲ್ ಕಟ್ಟುವುದಿಲ್ಲ, ಆದರೆ ಆ ಹಣವನ್ನು ಸರ್ಕಾರ ತೆರಿಗೆಯಿಂದಲೇ ತುಂಬುತ್ತದೆ.

ಹಾಗಾದರೆ ಗ್ಯಾಸ್ ಸ್ಥಾವರ ವ್ಯರ್ಥವೇ?

ಇಲ್ಲ. ಸಂಜೆ ಸೋಲಾರ್ ವಿದ್ಯುತ್ ನಿಂತು ಬೇಡಿಕೆ ಏರಿದಾಗ ಬೇಗ ಚಾಲೂ ಮಾಡಲು ಇವು ಉಪಯುಕ್ತ. ಯಲಹಂಕದಲ್ಲಿ 370 ಮೆಗಾವ್ಯಾಟ್ ಗ್ಯಾಸ್ ಸ್ಥಾವರ 2024ರಲ್ಲಿ ಉದ್ಘಾಟನೆಯಾಗಿದೆ. ಅಲ್ಲಿ ಟರ್ಬೈನ್‌ನಿಂದ ಹೊರಬರುವ ಬಿಸಿಯಿಂದಲೇ ಹಬೆ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ, ಹಾಗಾಗಿ ಇಂಧನ ಉಳಿಯುತ್ತದೆ. ಆದರೆ ಅದಕ್ಕೂ ಕೈಗೆಟಕುವ ಬೆಲೆಯ ಅನಿಲ ಬೇಕೇ ಬೇಕು.

ಇನ್ನೊಂದು ಮಾತು: ವಿಜಯಪುರ ಜಿಲ್ಲೆಯ ಕೂಡಗಿಯಲ್ಲೇ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವಿದೆ. ಆದರೂ ನಿಮ್ಮೂರಿನ ಟಿ.ಸಿ. ಸುಟ್ಟರೆ ಕರೆಂಟ್ ಇಲ್ಲ. ಆಗ ಬೇಕಿರುವುದು ಹೊಸ ಸ್ಥಾವರವಲ್ಲ, ಹೊಸ ಟಿ.ಸಿ.; 1912ಕ್ಕೆ ಕರೆ ಮಾಡಿ ದೂರು ಕೊಡಿ.

ಸಾರಾಂಶ: “ಸ್ಥಾವರ ಹಾಕಿದರೆ ಲೋಡ್ ಶೆಡ್ಡಿಂಗ್ ಮುಗಿಯಿತು” ಎಂಬುದು ಅರ್ಧ ಸತ್ಯ. ಮೆಗಾವ್ಯಾಟ್ ಎಂದರೆ ಯಂತ್ರದ ಶಕ್ತಿ, ಮನೆಗೆ ಬರುವ ಕರೆಂಟ್ ಅಲ್ಲ. ಮುಂದಿನ ಸಲ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಇಂಧನ ಎಲ್ಲಿಂದ? ಯೂನಿಟ್‌ಗೆ ಎಷ್ಟು? ಓಡದಿದ್ದರೆ ಹಣ ಯಾರು ಕೊಡುತ್ತಾರೆ?