ಹೊತ್ತಲಿಲ್ಲವೋ, ಕಾಣಲಿಲ್ಲವೋ?: ಎಣ್ಣೆ ಬಾಯ್ಲರಿನ ದೋಷ ಪತ್ತೆಯ ಚರಿತ್ರೆ

ಅಮೆರಿಕದ ಈಶಾನ್ಯ ರಾಜ್ಯಗಳ ಮನೆಗಳಲ್ಲಿ 1920ರ ದಶಕದಿಂದ ಕಲ್ಲಿದ್ದಲಿನ ಜಾಗಕ್ಕೆ ಎಣ್ಣೆ ಬರತೊಡಗಿತು. ಕಲ್ಲಿದ್ದಲ ಬೆಂಕಿ ಆರಿದರೆ ಮನೆಯವರೇ ಮತ್ತೆ ಹೊತ್ತಿಸುತ್ತಿದ್ದರು. ಎಣ್ಣೆ ಬರ್ನರ್ ಹಾಗಲ್ಲ. ನೆಲಮಾಳಿಗೆಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ತಾನಾಗಿ ಹೊತ್ತಿ ತಾನಾಗಿ ಆರಬೇಕು. ಹೀಗಾಗಿ ಬೆಂಕಿಗೊಬ್ಬ ಕಾವಲುಗಾರ ಬೇಕಾದ. ಬರ್ನರ್ ನಿಂತಾಗ ಮೆಕ್ಯಾನಿಕ್ ಮುಂದೆ ಎರಡು ಪ್ರಶ್ನೆಗಳೂ ಎದ್ದವು: ಬೆಂಕಿ ಹೊತ್ತಲೇ ಇಲ್ಲವೋ, ಹೊತ್ತಿದ್ದು ಕಾವಲು ಸಾಧನಕ್ಕೆ ಕಾಣಲಿಲ್ಲವೋ? ಇವೆರಡನ್ನು ಬೇರ್ಪಡಿಸುವ ವಿದ್ಯೆ ಬೆಳೆದ ಬಗೆಯೇ ಈ ಲೇಖನದ ವಸ್ತು.

ಮೊದಲ ಪ್ರಶ್ನೆಗೆ ಉತ್ತರ ಬರ್ನರಿನ ರಚನೆಯಲ್ಲಿದೆ. 1930ರ ದಶಕದಲ್ಲಿ ಹರಡಿದ ಗನ್ ಬರ್ನರಿನ ಪಂಪು ಚದರಂಗುಲಕ್ಕೆ ಸುಮಾರು 100 ಪೌಂಡ್ ಒತ್ತಡದಲ್ಲಿ ಎಣ್ಣೆಯನ್ನು ನಾಝಲಿಗೆ ತಳ್ಳುತ್ತದೆ. ನಾಝಲ್ ಅದನ್ನು ತುಂತುರಾಗಿಸುತ್ತದೆ, ಫ್ಯಾನು ಗಾಳಿ ಕೊಡುತ್ತದೆ, 10,000 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಎರಡು ಎಲೆಕ್ಟ್ರೋಡುಗಳ ನಡುವೆ ಕಿಡಿ ಹಾರಿಸುತ್ತದೆ. ನಾಝಲಿನಲ್ಲಿ ಕಸ, ಎಣ್ಣೆಯಲ್ಲಿ ನೀರು, ಎಲೆಕ್ಟ್ರೋಡಿನ ಪಿಂಗಾಣಿಯಲ್ಲಿ ಬಿರುಕು: ಇವುಗಳಲ್ಲಿ ಒಂದಿದ್ದರೂ ಸಾಕು, ಬೆಂಕಿ ಹೊತ್ತದಿರಲು.

ಎರಡನೆಯ ಪ್ರಶ್ನೆಯ ಚರಿತ್ರೆ ಕಾವಲುಗಾರನ ಚರಿತ್ರೆ. ಆರಂಭದ ಸ್ಟ್ಯಾಕ್ ರಿಲೇ ಹೊಗೆ ಕೊಳವೆಯೊಳಗೆ ಚಾಚಿದ ದ್ವಿಲೋಹದ ಸುರುಳಿಯಿಂದ ಬಿಸಿಯನ್ನು ಅರಿಯುತ್ತಿತ್ತು. ಅದು ನಿಧಾನಿ. ಸುರುಳಿಗೆ ಮಸಿ ಕವಿದರೆ ಉರಿಯುವ ಬೆಂಕಿಯನ್ನೂ ಇಲ್ಲವೆಂದೇ ತಿಳಿದು ಬರ್ನರನ್ನು ನಿಲ್ಲಿಸಿಬಿಡುತ್ತಿತ್ತು. 1960ರ ದಶಕದಿಂದ ಅದರ ಜಾಗಕ್ಕೆ ಕ್ಯಾಡ್ಮಿಯಂ ಸಲ್ಫೈಡಿನ ಕಣ್ಣು, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಕ್ಯಾಡ್ ಸೆಲ್’, ಬಂದಿತು. ಬೆಳಕು ಬಿದ್ದರೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಕತ್ತಲಲ್ಲಿ ಬಹಳ ಏರುತ್ತದೆ. ಬೆಂಕಿ ಕಾಣದಿದ್ದರೆ ಬರ್ನರನ್ನು ನಿಲ್ಲಿಸುವ ಮೊದಲು ಕಾಯುವ ಅವಧಿ 45 ಸೆಕೆಂಡಿಗೆ, ಮುಂದೆ 15ಕ್ಕೆ ಇಳಿಯಿತು.

ಪತ್ತೆಯ ವಿಧಾನ ಬದಲಾದದ್ದು ಇಲ್ಲಿ. ಜ್ವಾಲೆ ಎದ್ದ ಮೇಲೆ, ಬರ್ನರನ್ನು ನಿಯಂತ್ರಿಸುವ ರಿಲೇಯಲ್ಲಿ ಸೆಲ್ಲಿಗಾಗಿರುವ ಎರಡು ಟರ್ಮಿನಲ್‌ಗಳನ್ನು ತಂತಿಯಿಂದ ಜೋಡಿಸಿದಾಗ ಬರ್ನರ್ ನಿಲ್ಲದೆ ಉರಿದರೆ ದೋಷ ಸೆಲ್ಲಿನದು ಅಥವಾ ಅದರ ತಂತಿಯದು. ಆಗಲೂ ನಿಂತರೆ ರಿಲೇಯದು. ಮೊದಲೇ ಜೋಡಿಸಿದರೆ ಬರ್ನರ್ ಶುರುವಾಗದು. ಬೆಂಕಿ ಆಗಲೇ ಇದೆಯೆಂದು ರಿಲೇ ನಂಬುತ್ತದೆ. ಹಿಂದೆ ಊಹೆಯಾಗಿದ್ದುದು ಹೀಗೆ ಪರೀಕ್ಷೆಯಾಯಿತು. ಮುಂದೆ ಮೈಕ್ರೊಪ್ರೊಸೆಸರ್ ಬಂದಾಗ ಬರ್ನರ್ ನಿಂತ ದಾಖಲೆಯನ್ನು ಸಾಧನವೇ ಇಟ್ಟುಕೊಳ್ಳತೊಡಗಿತು.

ಈ ಎಲ್ಲ ಬದಲಾವಣೆಗಳ ನಡುವೆಯೂ, ನಿಂತ ಬರ್ನರನ್ನು ಮತ್ತೆ ಶುರುಮಾಡುವ ಕೆಂಪು ರೀಸೆಟ್ ಗುಂಡಿ ಉಳಿದುಕೊಂಡಿದೆ. ಅದನ್ನು ಒತ್ತಿದಾಗಲೆಲ್ಲ ಹೊತ್ತದ ಎಣ್ಣೆ ಒಲೆಯೊಳಗೆ ಸೇರುತ್ತ ಹೋಗುತ್ತದೆ. ಕೊನೆಗೊಮ್ಮೆ ಕಿಡಿ ತಗುಲಿದರೆ ಅಷ್ಟೂ ಎಣ್ಣೆ ಒಟ್ಟಿಗೆ ಭುಗಿಲೆದ್ದು ಮನೆಗೆಲ್ಲ ಮಸಿ ಬಳಿಯುತ್ತದೆ. ಮೈಕ್ರೊಪ್ರೊಸೆಸರ್ ಬರುವ ಮುನ್ನ, ಪದೇ ಪದೇ ಗುಂಡಿ ಒತ್ತುವ ಕೈಯನ್ನು ತಡೆಯುವುದು ಕಾವಲುಗಾರನಿಗೆ ಕಷ್ಟವಾಗಿತ್ತು. ಆದ್ದರಿಂದಲೇ ಹುಟ್ಟಿದ, ಒಮ್ಮೆ ಒತ್ತಿ, ಹೊತ್ತದಿದ್ದರೆ ಮೆಕ್ಯಾನಿಕ್‌ನನ್ನು ಕರೆಯಬೇಕೆಂಬ ಹಳೆಯ ನಿಯಮ ಇಂದಿಗೂ ಬದಲಾಗಿಲ್ಲ.